ಬಡತನ ಹುಡುಕಿ ಹೊರಟ ಹದಿಮೂರು ಜನ: ಫೌಂಟನ್ಸ್ ಅಬ್ಬೆಯ ಕಥೆ

1/7

ಮೊದಲ ಫೋಟೋವನ್ನ ಒಂದು ನಿಮಿಷ ಸುಮ್ನೆ ನೋಡಿ, ಆಮೇಲೆ ಓದಿ. ಸುಮಾರು 90 ಮೀಟರ್ ಉದ್ದದ ಹಜಾರ. ನಡುವೆ ಒಂದೇ ಸಾಲು ಕಂಬ. ಪ್ರತಿ ಕಂಬದಿಂದ ಕಲ್ಲಿನ ಪಟ್ಟಿಗಳು ತೆಂಗಿನ ಗರಿ ಬಿಚ್ಚಿಕೊಂಡ ಹಾಗೆ ಮೇಲೆದ್ದು ಚಾವಣಿಯಾಗಿವೆ. ಎಡಕ್ಕೆ ಇಪ್ಪತ್ತೆರಡು ಅಂಕಣ, ಬಲಕ್ಕೆ ಇಪ್ಪತ್ತೆರಡು.

ಹೋದ ವಾರ ಇದನ್ನ ಸ್ಟೋರಿಗೆ ಹಾಕಿ "ಇದೇನು ಹೇಳಿ ನೋಡೋಣ" ಅಂದಿದ್ದೆ. ಬಹುಪಾಲು ಜನ ಚರ್ಚ್ ಅಂದ್ರಿ. ಇಬ್ಬರು ಅರಮನೆ ಅಂದ್ರು. ಎರಡೂ ಅಲ್ಲ. ಇದು ಉಗ್ರಾಣ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಒಂದು ಭಾಗ ಉಗ್ರಾಣ, ಇನ್ನೊಂದು ಭಾಗ ಓದು ಬರಹ ಬಾರದ ದುಡಿಮೆಗಾರರ ಊಟದ ಮನೆ. ಮೇಲಿನ ಅಂತಸ್ತಿನಲ್ಲಿ ಅವರು ಮಲಗ್ತಿದ್ದರು.

ಇದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರೋ ಫೌಂಟನ್ಸ್ ಅಬ್ಬೆ. ಸಿಸ್ಟರ್ಷಿಯನ್ ಅನ್ನೋ ಪಂಥದ ಸನ್ಯಾಸಿಗಳ ಮಠ, ಶುರುವಾಗಿದ್ದು 1132ರಲ್ಲಿ. (ಹಳಗನ್ನಡದಲ್ಲಿ ಅಬ್ಬೆ ಅಂದ್ರೆ ತಾಯಿ. ಈ ಅಬ್ಬೆಯ ಬೇರು ಮಾತ್ರ 'ಅಬ್ಬಾ', ಅಂದ್ರೆ ಅರಾಮಿಕ್ ಭಾಷೆಯಲ್ಲಿ ಅಪ್ಪ. ಮಠದ ಮುಖ್ಯಸ್ಥನಿಗೆ ಅಬಾಟ್ ಅನ್ನೋದು ಅದರಿಂದಲೇ.) ಇನ್ನೊಂದು ಮಾತು: ಮಠ ಅಂದ ಕೂಡಲೇ ಭಕ್ತರು, ದಾಸೋಹ, ಜಾತ್ರೆ ನೆನಪಿಗೆ ಬಂದರೆ ಅದನ್ನ ಪಕ್ಕಕ್ಕಿಡಿ. ಇದು ಜನರಿಂದ ದೂರ ಇರೋದಕ್ಕೇ ಕಟ್ಟಿದ ಮಠ.

ನನ್ನ ಕುತೂಹಲ ಇರೋದು ಒಂದೇ ವಿಷಯದಲ್ಲಿ. ಬಡತನ ಬೇಕು ಅಂತ ಜಗಳ ಮಾಡಿಕೊಂಡು ಬಂದವರ ಮಠ, ಇಂಗ್ಲೆಂಡಿನ ಸಿಸ್ಟರ್ಷಿಯನ್ ಮಠಗಳಲ್ಲೇ ಅತಿ ಶ್ರೀಮಂತ ಮಠ ಆಗಿದ್ದು ಹೇಗೆ? ಅದಕ್ಕೆ ಉತ್ತರ ಸಿಗೋದು ಚರ್ಚಿನಲ್ಲಲ್ಲ, ಈ ಉಗ್ರಾಣದಲ್ಲಿ ಅಂತ ನನಗನ್ನಿಸುತ್ತೆ.

2/7

ಜಗಳದಿಂದ ಶುರು ಮಾಡೋಣ.

ಯುರೋಪಿನ ಸನ್ಯಾಸಿಗಳಿಗೆ 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿ ಇತ್ತು. ಪ್ರಾರ್ಥನೆ, ಓದು, ಕೈಕೆಲಸ, ಸರಳ ಊಟ. 500 ವರ್ಷ ಕಳೆಯೋ ಹೊತ್ತಿಗೆ ದಾನದತ್ತಿ ಬಂದು ಬಂದು ಮಠಗಳು ಕೊಬ್ಬಿದ್ದವು. ಕೈಕೆಲಸ ಬಿಟ್ಟುಹೋಗಿತ್ತು, ಊಟ ಬಟ್ಟೆ ಚೆನ್ನಾಗಿತ್ತು. 1098ರಲ್ಲಿ ರಾಬರ್ಟ್ ಅನ್ನೋ ಅಬಾಟ್ ಕೆಲವರನ್ನ ಕರ್ಕೊಂಡು ಫ್ರಾನ್ಸಿನ ಬರ್ಗಂಡಿಯ ಸಿಟೋ ಅನ್ನೋ ಜಾಗಕ್ಕೆ ಹೋಗಿ ಹೊಸದಾಗಿ ಶುರು ಮಾಡಿದ. ಸಿಟೋ ಊರಿನ ಲ್ಯಾಟಿನ್ ಹೆಸರಿನಿಂದಲೇ 'ಸಿಸ್ಟರ್ಷಿಯನ್' ಬಂದಿದ್ದು. ಇವರು ಬಣ್ಣ ಹಾಕದ ಉಣ್ಣೆಯ ನಿಲುವಂಗಿ ಹಾಕ್ತಿದ್ದರು, ಹಾಗಾಗಿ ಜನ 'ಬಿಳಿ ಸನ್ಯಾಸಿಗಳು' ಅಂತ ಕರೆದರು. ಆ ಉಣ್ಣೆಯನ್ನ ನೆನಪಿಟ್ಟುಕೊಳ್ಳಿ.

1132ರಲ್ಲಿ ಈ ಗಾಳಿ ಯಾರ್ಕ್‌ಷೈರ್‌ಗೂ ಬೀಸಿತು. ಫ್ರಾನ್ಸಿನಿಂದ ಬಂದ ಸಿಸ್ಟರ್ಷಿಯನ್ನರು ಅಲ್ಲಿ ರೀವೋ ಅನ್ನೋ ಕಡೆ ಮಠ ಕಟ್ಟಿದರು. ಯಾರ್ಕ್ ನಗರದಲ್ಲಿದ್ದ ಸೇಂಟ್ ಮೇರಿ ಅನ್ನೋ ಶ್ರೀಮಂತ ಬೆನೆಡಿಕ್ಟೈನ್ ಮಠದ ಕೆಲವರಿಗೆ ಅವರನ್ನ ನೋಡಿ ನಾಚಿಕೆ ಆಯ್ತು. "ನಾವೂ ನಿಯಮದ ಪ್ರಕಾರ ಬದುಕೋಣ" ಅಂತ ರಿಚರ್ಡ್ ಅನ್ನೋ ಎರಡನೇ ಮುಖ್ಯಸ್ಥನೇ ಮುಂದಾದ. ವಯಸ್ಸಾದ ಅಬಾಟ್ ಜೆಫ್ರಿ ಒಪ್ಪಲಿಲ್ಲ. ಉಳಿದ ಸನ್ಯಾಸಿಗಳಿಗಂತೂ ಇವರನ್ನ ಕಂಡರೆ ಉರಿ.

ಅಕ್ಟೋಬರ್‌ನಲ್ಲಿ ಆರ್ಚ್‌ಬಿಷಪ್ ಥರ್ಸ್ಟನ್ ರಾಜಿ ಮಾಡಿಸೋಕೆ ಅಂತ ಬಂದರು. ರಾಜಿ ಆಗಲಿಲ್ಲ, ಗಲಾಟೆ ಆಯ್ತು. ಮೌನವ್ರತ ಹಿಡಿದವರು ಕಿರುಚಾಡಿ, ತಳ್ಳಾಡಿ, ಕೊನೆಗೆ ಆರ್ಚ್‌ಬಿಷಪ್ಪೇ ಸುಧಾರಣೆ ಕೇಳಿದವರನ್ನ ತಮ್ಮ ರಕ್ಷಣೆಯಲ್ಲಿ ಹೊರಗೆ ಕರ್ಕೊಂಡು ಬರಬೇಕಾಯ್ತು. ಹದಿಮೂರು ಜನ ಸನ್ಯಾಸಿಗಳು. ಡಿಸೆಂಬರ್ 27ರಂದು ರಿಪನ್ ಊರಿನ ಹತ್ತಿರ, ಸ್ಕೆಲ್ ಅನ್ನೋ ಸಣ್ಣ ನದಿಯ ಕಣಿವೆಯಲ್ಲಿ ಅವರಿಗೆ ಜಾಗ ಕೊಟ್ಟರು. ಕ್ರಿಸ್ಮಸ್ ಆಗಿ ಎರಡೇ ದಿನ, ಉತ್ತರ ಇಂಗ್ಲೆಂಡಿನ ನಡುಚಳಿ, ತಲೆ ಮೇಲೆ ಸೂರಿಲ್ಲ.

3/7

ಮೊದಲು ಬಂಡೆಗಳ ಸಂದಿಯಲ್ಲಿ, ಆಮೇಲೆ ದೊಡ್ಡದೊಂದು ಎಲ್ಮ್ ಮರದ ಬುಡದಲ್ಲಿ ಹುಲ್ಲು ಹೊದಿಸಿಕೊಂಡು ಇದ್ದರಂತೆ. ಸುತ್ತ ಬುಗ್ಗೆಗಳಿದ್ದವು, ಹೆಸರು ಬಂದಿದ್ದು ಅದರಿಂದ: ಫೌಂಟನ್ಸ್, ಬುಗ್ಗೆಗಳ ಮಠ. ರಿಚರ್ಡ್ ಅಬಾಟ್ ಆದ. ಫ್ರಾನ್ಸಿನ ಕ್ಲೇರ್ವೋ ಮಠದ ಬರ್ನಾರ್ಡ್‌ಗೆ (ಆ ಕಾಲದ ಯುರೋಪಿನಲ್ಲಿ ಪೋಪ್‌ಗೂ ಬುದ್ಧಿ ಹೇಳಬಲ್ಲ ಮನುಷ್ಯ) ಪತ್ರ ಬರೆದು ನಮ್ಮನ್ನೂ ಸೇರಿಸಿಕೊಳ್ಳಿ ಅಂದರು. ಬರ್ನಾರ್ಡ್ ಒಪ್ಪಿ, ಕಲಿಸೋದಕ್ಕೆ ಜೆಫ್ರಿ ಅನ್ನೋ ಹಿರಿಯ ಸನ್ಯಾಸಿಯನ್ನ ಕಳಿಸಿದ. (ಅದೇ ಹೆಸರು, ಬೇರೆ ಜೆಫ್ರಿ.)

ಬರಗಾಲ ಬಂತು. ಸೊಪ್ಪು, ಎಲ್ಮ್ ಎಲೆ ಬೇಯಿಸಿ ತಿಂದರು. ಒಂದು ಸಲ ಯಾರೋ ಹಸಿದವನು ಬಂದು ರೊಟ್ಟಿ ಕೇಳಿದಾಗ ಮಠದಲ್ಲಿ ಇದ್ದದ್ದೇ ಎರಡೂವರೆ ರೊಟ್ಟಿ. ಅಬಾಟ್ ಅದರಲ್ಲೊಂದು ಕೊಡಿಸಿದ. ಸ್ವಲ್ಪ ಹೊತ್ತಿಗೆ ನೇರ್ಸ್‌ಬರೋ ಕೋಟೆಯಿಂದ ಯೂಸ್ಟಸ್ ಅನ್ನೋ ದೊರೆ ಗಾಡಿ ತುಂಬ ರೊಟ್ಟಿ ಕಳಿಸಿದ ಅಂತ ಕಥೆ.

ಕಥೆ ಅಂತ ಯಾಕೆ ಅಂದೆ ಅಂದ್ರೆ, ಇದೆಲ್ಲ ಬರಹಕ್ಕೆ ಇಳಿದಿದ್ದು 13ನೇ ಶತಮಾನದ ಆರಂಭದಲ್ಲಿ. ಸರ್ಲೋ ಅನ್ನೋ ಮುದಿ ಸನ್ಯಾಸಿ ನೆನಪಿಸಿಕೊಂಡು ಹೇಳಿದ್ದನ್ನ ಕರ್ಕ್‌ಸ್ಟಾಲ್ ಮಠದ ಹ್ಯೂ ಬರ್ಕೊಂಡ. ಆ ಹೊತ್ತಿಗೆ ಫೌಂಟನ್ಸ್ ಶ್ರೀಮಂತವಾಗಿತ್ತು. ಶ್ರೀಮಂತರಾದವರು ತಾವು ಹಸಿದ ದಿನಗಳನ್ನ ಹೇಳೋವಾಗ ಕಥೆ ಸ್ವಲ್ಪ ಹೊಳಪು ಪಡೆಯುತ್ತೆ. ಹಾಗಂತ ಸುಳ್ಳು ಅಂತಲ್ಲ. ಎರಡು ವರ್ಷ ಕಳೆದ ಮೇಲೆ ಇವರು ಸೋತು, ಜಾಗ ಬಿಟ್ಟು ಫ್ರಾನ್ಸಿಗೇ ಹೋಗಿಬಿಡೋಣ ಅಂತ ನಿಜವಾಗಿಯೂ ತೀರ್ಮಾನಿಸಿದ್ದರು.

ಅವರನ್ನ ಉಳಿಸಿದ್ದು ಪವಾಡ ಅಲ್ಲ, ಹಣ. 1135ರಲ್ಲಿ ಯಾರ್ಕ್ ಕ್ಯಾಥಿಡ್ರಲ್‌ನ ಡೀನ್ ಆಗಿದ್ದ ಹ್ಯೂ, ತನ್ನ ಆಸ್ತಿ ಮತ್ತು ಪುಸ್ತಕಗಳ ಸಮೇತ ಮಠ ಸೇರಿಕೊಂಡ. ಅವನ ಹಿಂದೆ ಇನ್ನಿಬ್ಬರು ಅನುಕೂಲಸ್ಥರು ಬಂದರು. ಆಮೇಲೆ ಬೆಳೆದ ವೇಗ ನೋಡಿದರೆ ನಂಬೋದು ಕಷ್ಟ. 1138ರಲ್ಲೇ ಮೊದಲ ಮರಿಮಠ ನ್ಯೂಮಿನ್‌ಸ್ಟರ್. 1146ರಲ್ಲಿ ಸಮುದ್ರ ದಾಟಿ ನಾರ್ವೆಯ ಬರ್ಗನ್ ಹತ್ತಿರ ಲೀಸಾ. 1147ರಲ್ಲಿ ಕರ್ಕ್‌ಸ್ಟಾಲ್. ಮರದ ಬುಡದಲ್ಲಿ ಮಲಗಿದ್ದವರು 15 ವರ್ಷದೊಳಗೆ ಬೇರೆ ದೇಶಕ್ಕೆ ಜನ ಕಳಿಸ್ತಿದ್ದಾರೆ.

4/7

ಈಗ ಕಟ್ಟಡ. ಎರಡನೇ ಫೋಟೋಗೆ ಬನ್ನಿ, ಮೇಲಿಂದ ತೆಗೆದಿದ್ದು.

1140ರ ದಶಕದಲ್ಲಿ ಅಬಾಟ್ ಆಗಿದ್ದ ಹೆನ್ರಿ ಮರ್ಡಾಕ್, ಯಾರ್ಕ್‌ನ ಹೊಸ ಆರ್ಚ್‌ಬಿಷಪ್ ವಿಲಿಯಂ ವಿರುದ್ಧ ನಿಂತ. ವಿಲಿಯಂ ಕಡೆಯವರು ಸಿಟ್ಟಿಗೆದ್ದು ಬಂದು ಮಠಕ್ಕೆ ಬೆಂಕಿ ಇಟ್ಟರು. ಈಗ ನಾವು ನೋಡೋದು ಬಹುಪಾಲು ಆ ಬೆಂಕಿಯ ನಂತರ ಕಟ್ಟಿದ್ದು. ಕಲ್ಲನ್ನ ದೂರದಿಂದ ತರಲಿಲ್ಲ, ಅದೇ ಕಣಿವೆಯ ಪಕ್ಕೆಯಿಂದ ಒಡೆದು ತೆಗೆದರು. ಹಾಗಾಗಿ ಗೋಡೆ ಮತ್ತು ಹಿಂದಿನ ಬಂಡೆ ಒಂದೇ ಬಣ್ಣ.

ನಕ್ಷೆ ಅರ್ಥ ಆಗಬೇಕಂದ್ರೆ ತೊಟ್ಟಿಮನೆ ನೆನಪಿಸಿಕೊಳ್ಳಿ. ನಡುವೆ ಚೌಕದ ಅಂಗಳ, ಸುತ್ತ ಜಗಲಿ, ಜಗಲಿಯಿಂದ ಬಾಗಿಲುಗಳು. ಉತ್ತರಕ್ಕೆ ಚರ್ಚ್. ಪೂರ್ವಕ್ಕೆ ದಿನಾ ಬೆಳಗ್ಗೆ ನಿಯಮಾವಳಿಯ ಒಂದು ಅಧ್ಯಾಯ ಓದೋ ಸಭಾಮನೆ, ಅದರ ಮೇಲೆ ಸನ್ಯಾಸಿಗಳು ಮಲಗೋ ಹಜಾರ. ದಕ್ಷಿಣಕ್ಕೆ ಊಟದ ಮನೆ, ಅಡುಗೆಮನೆ, ಮತ್ತು ಚಳಿ ಕಾಯಿಸಿಕೊಳ್ಳೋ ಕೋಣೆ. ಈ ಕೋಣೆಯ ಬೆಂಕಿಗೂಡುಗಳು ಎಷ್ಟು ದೊಡ್ಡವು ಅಂದ್ರೆ ಒಳಗೆ ಹೋಗಿ ನಿಂತ್ಕೋಬಹುದು. ಕಾರಣ ಇದೆ: ಅಡುಗೆಮನೆ, ಆಸ್ಪತ್ರೆ ಬಿಟ್ಟರೆ ಸನ್ಯಾಸಿಗೆ ಬೆಂಕಿ ಸಿಗ್ತಿದ್ದಿದ್ದು ಇಲ್ಲಿ ಮಾತ್ರ. ಮಧ್ಯರಾತ್ರಿ ಕಳೆದು ಎದ್ದು, ಮಲಗೋ ಹಜಾರದಿಂದ ನೇರ ಚರ್ಚಿಗೆ ಇಳಿಯೋ ಮೆಟ್ಟಿಲಲ್ಲಿ ಬಂದು ಪ್ರಾರ್ಥನೆಗೆ ನಿಲ್ಲಬೇಕು. ಹಗಲಲ್ಲಿ ಇನ್ನೂ ಏಳು ಸಲ. ಊಟದ ಹೊತ್ತಲ್ಲಿ ಮಾತಿಲ್ಲ. ಉಪ್ಪು ಬೇಕಾದರೂ ಕೈಸನ್ನೆ. ಒಬ್ಬ ಮಾತ್ರ ಗೋಡೆಯೊಳಗೆ ಕೊರೆದ ಮೆಟ್ಟಿಲು ಹತ್ತಿ ಮೇಲಿನ ಪೀಠದಿಂದ ಗಟ್ಟಿಯಾಗಿ ಓದ್ತಿದ್ದ, ಉಳಿದವರು ಕೇಳ್ತಾ ತಿಂತಿದ್ದರು.

ಚರ್ಚಿನ ಉದ್ದ ಹಜಾರ ಹನ್ನೊಂದು ಅಂಕಣ. ದಪ್ಪ ದುಂಡು ಕಂಬ, ಮೇಲೆ ಚೂಪು ಕಮಾನು, ಅದರ ಮೇಲಿನ ಕಿಟಕಿಗಳು ಮಾತ್ರ ಇನ್ನೂ ಹಳೇ ಶೈಲಿಯ ಅರ್ಧವೃತ್ತ. ವಿಗ್ರಹ ಇಲ್ಲ, ಬಣ್ಣದ ಗಾಜಿಲ್ಲ, ಕಂಬದ ತಲೆಯಲ್ಲಿ ಪ್ರಾಣಿ ಪಕ್ಷಿ ಕೆತ್ತನೆ ಇಲ್ಲ. ಇದು ಬಡತನಕ್ಕೆ ಆದ ಕೊರತೆ ಅಲ್ಲ, ನಿಯಮ. ಚಿತ್ರ ಇದ್ದರೆ ಕಣ್ಣು ಆ ಕಡೆ ಹೋಗುತ್ತೆ, ಮನಸ್ಸು ದೇವರಿಂದ ಜಾರುತ್ತೆ ಅನ್ನೋದು ಬರ್ನಾರ್ಡ್ ವಾದ. ನನಗೆ ಈ ಹಜಾರದಲ್ಲಿ ಇಷ್ಟ ಆಗೋದು ಅದೇ. ಅಳತೆ ಮತ್ತು ಬೆಳಕು ಬಿಟ್ಟರೆ ನೋಡೋಕೆ ಏನೂ ಇಲ್ಲ, ಆದರೂ ಕಣ್ಣು ತೆಗೆಯೋಕಾಗಲ್ಲ.

ನೀರಿನ ಲೆಕ್ಕ ಮರೀಬೇಡಿ. ಸ್ಕೆಲ್ ನದಿಯನ್ನ ಕಲ್ಲಿನ ಸುರಂಗಗಳಲ್ಲಿ ಹಾಯಿಸಿ, ಅದರ ಮೇಲೇ ಆಸ್ಪತ್ರೆ ಕಟ್ಟಿದರು, ಕಕ್ಕಸುಗಳನ್ನ ಹರಿಯೋ ನೀರಿನ ಮೇಲೆ ಇಟ್ಟರು. ಮೇಲ್ಗಡೆಯಿಂದ ಶುದ್ಧ ನೀರು, ಕೆಳಗಡೆಗೆ ಕೊಳೆ. 12-13ನೇ ಶತಮಾನದಲ್ಲಿ!

5/7

ಅಂಗಳದ ಮೂರು ಬದಿ ಹೇಳಿದೆ. ನಾಲ್ಕನೇದು, ಪಶ್ಚಿಮದ್ದು, ನಮ್ಮ ಉಗ್ರಾಣ. ಈ ಕಂತು ಅದರ ಜನರದ್ದು.

ಸಿಸ್ಟರ್ಷಿಯನ್ನರು ಒಂದು ಇಕ್ಕಟ್ಟಿಗೆ ಸಿಕ್ಕಿದ್ದರು. ಹಳ್ಳಿಗಳ ಗೇಣಿ ತಿಂದು ಬದುಕಬಾರದು, ಸ್ವಂತ ದುಡಿಮೆಯಿಂದ ಬದುಕಬೇಕು ಅಂತ ಅವರದೇ ನಿಯಮ. ಆದರೆ ದಿನಕ್ಕೆ ಎಂಟು ಸಲ ಪ್ರಾರ್ಥನೆಗೆ ನಿಲ್ಲೋವನು ಹತ್ತಾರು ಮೈಲಿ ದೂರದ ಬೆಟ್ಟದಲ್ಲಿ ಕುರಿ ಕಾಯೋದು ಹೇಗೆ? ಅದಕ್ಕೆ ಕಂಡುಕೊಂಡ ದಾರಿ 'ಲೇ ಬ್ರದರ್ಸ್'. ಇವರೂ ವ್ರತ ತಗೊಂಡವರೇ: ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ಮಠ ಬಿಟ್ಟು ಹೋಗೋ ಹಾಗಿಲ್ಲ. ಆದರೆ ಇವರು ಸನ್ಯಾಸಿಗಳಲ್ಲ. ಗಡ್ಡ ಬಿಡ್ತಿದ್ದರು. ಕೆಲವೇ ಪ್ರಾರ್ಥನೆಗಳನ್ನ ಬಾಯಿಪಾಠ ಮಾಡಿಕೊಳ್ತಿದ್ದರು. ಪುಸ್ತಕ ಇಟ್ಟುಕೊಳ್ಳೋ ಹಾಗಿಲ್ಲ, ಓದು ಕಲಿಯೋ ಹಾಗೂ ಇಲ್ಲ. ಅಬಾಟ್ ಆಯ್ಕೆಯಲ್ಲಿ ಮತ ಇಲ್ಲ. ಒಮ್ಮೆ ಲೇ ಬ್ರದರ್ ಆದವನು ಮುಂದೆ ಸನ್ಯಾಸಿ ಆಗೋ ದಾರಿಯೂ ಮುಚ್ಚಿತ್ತು.

ಹಾಗಿದ್ದೂ ಜನ ಯಾಕೆ ಸೇರಿದರು? ಆ ಕಾಲದ ಜೀತದ ರೈತನ ಕಣ್ಣಿಂದ ನೋಡಿ. ದಿನಾ ಊಟ, ಬಟ್ಟೆ, ಕಾಯಿಲೆ ಬಿದ್ದರೆ ನೋಡಿಕೊಳ್ಳೋಕೆ ಆಸ್ಪತ್ರೆ (ಲೇ ಬ್ರದರ್‌ಗಳಿಗೇ ಪ್ರತ್ಯೇಕವಾಗಿ ಒಂದಿತ್ತು), ಸತ್ತ ಮೇಲೆ ಪ್ರಾರ್ಥನೆ. ಹಿಂದೆ ಓದು ಬರದವನಿಗೆ ಮಠದೊಳಗೆ ಜಾಗವೇ ಕಮ್ಮಿ ಇತ್ತು. ಹಾಗಾಗಿ "ಶೋಷಣೆ" ಅಂತ ಒಂದೇ ಪದದಲ್ಲಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಆದರೆ ಗೋಡೆಗಳು ಹೇಳೋದನ್ನ ಮುಚ್ಚಿಡೋಕೂ ಆಗಲ್ಲ.

ಗೋಡೆ ಏನು ಹೇಳುತ್ತೆ? ಚರ್ಚಿನ ಉದ್ದ ಹಜಾರ ಇತ್ತಲ್ಲ, ಅದಕ್ಕೆ ಅಡ್ಡಲಾಗಿ ಆಗ ಕಲ್ಲಿನ ತಡೆಗೋಡೆ ಇತ್ತು. ಪೂರ್ವದ ಬಲಿಪೀಠದ ಕಡೆ ಸನ್ಯಾಸಿಗಳು, ಪಶ್ಚಿಮದಲ್ಲಿ ಲೇ ಬ್ರದರ್ಸ್. ಇವರಿಗೆ ಮಲಗೋ ಹಜಾರ ಬೇರೆ, ಚರ್ಚಿಗಿಳಿಯೋ ರಾತ್ರಿ ಮೆಟ್ಟಿಲು ಬೇರೆ, ಊಟದ ಮನೆ ಬೇರೆ, ಕಕ್ಕಸು ಬೇರೆ. ಎರಡೂ ಊಟದ ಮನೆ ನಡುವೆ ಅಡುಗೆಮನೆ ಮಾತ್ರ ಒಂದೇ, ಎರಡು ಕಡೆಗೂ ಬಡಿಸೋ ಹಾಗೆ. ಒಂದೇ ಸೂರಿನ ಕೆಳಗೆ ಎರಡು ಮಠ.

ಮೊದಲ ಫೋಟೋ ಬಗ್ಗೆ ಒಂದು ತಿದ್ದುಪಡಿ ಕೂಡ ಇದೆ. ಇವತ್ತು ಕಾಣೋ ಆ 90 ಮೀಟರ್ ನೇರ ನೋಟ ಅವರು ಯಾರೂ ಕಂಡಿರಲಿಲ್ಲ. ಆಗ ಅಡ್ಡಗೋಡೆಗಳಿದ್ದು, ಉತ್ತರದ ಕಡೆ ಸಾಮಾನು, ದಕ್ಷಿಣದ ಕಡೆ ಊಟ ಅಂತ ಭಾಗ ಆಗಿತ್ತು. ಗೋಡೆ ಹೋದ ಮೇಲೆ ಹಜಾರ ಭವ್ಯ ಆಯ್ತು.

6/7

ಉಣ್ಣೆ ನೆನಪಿಟ್ಟುಕೊಳ್ಳಿ ಅಂದಿದ್ನಲ್ಲ.

ಮಠದ ಜಮೀನುಗಳಲ್ಲಿ 'ಗ್ರೇಂಜ್' ಅನ್ನೋ ತೋಟದ ಮನೆಗಳಿದ್ದವು, ನಡೆಸ್ತಿದ್ದವರು ಲೇ ಬ್ರದರ್ಸ್. ಯಾರ್ಕ್‌ಷೈರ್ ಡೇಲ್ಸ್‌ನ ಗುಡ್ಡಗಳಲ್ಲಿ ಸಾವಿರಾರು ಕುರಿ. ಅಲ್ಲಿನ ಒಂದು ಬೆಟ್ಟಕ್ಕೆ ಇವತ್ತಿಗೂ ಫೌಂಟನ್ಸ್ ಫೆಲ್ ಅಂತಲೇ ಹೆಸರು. ಪೆಗೊಲೊಟ್ಟಿ ಅನ್ನೋ ಫ್ಲಾರೆನ್ಸಿನ ವ್ಯಾಪಾರಿ 14ನೇ ಶತಮಾನದ ಮೊದಲ ಭಾಗದಲ್ಲಿ ಯಾವ ಇಂಗ್ಲಿಷ್ ಮಠದಿಂದ ವರ್ಷಕ್ಕೆ ಎಷ್ಟು ಉಣ್ಣೆ ಸಿಗುತ್ತೆ ಅಂತ ಪಟ್ಟಿ ಮಾಡಿದ್ದಾನೆ. ಫೌಂಟನ್ಸ್ ಹೆಸರಿನ ಮುಂದೆ 76 ಮೂಟೆ ಅಂತಿದೆ. ಒಂದು ಮೂಟೆ ಅಂದ್ರೆ 364 ಪೌಂಡ್, ಸುಮಾರು 165 ಕೆಜಿ. ಗುಣಿಸಿ ನೋಡಿ: ಹನ್ನೆರಡೂವರೆ ಟನ್. ಒಂದು ಮೂಟೆಗೆ ಇನ್ನೂರಕ್ಕೂ ಹೆಚ್ಚು ಕುರಿಗಳ ಉಣ್ಣೆ ಬೇಕು ಅಂತ ಹಿಡಿದರೂ ಹದಿನೈದು ಸಾವಿರ ಕುರಿ ದಾಟುತ್ತೆ.

ನನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ಇವರು ಕಪಟಿಗಳಾಗಿದ್ದಕ್ಕೆ ಶ್ರೀಮಂತರಾಗಲಿಲ್ಲ. ವ್ರತ ಪಾಲಿಸಿದ್ದಕ್ಕೇ ಆದರು. ಕೂಲಿ ಕೇಳದ ನೂರಾರು ಕೈ, ಮಕ್ಕಳಿಗೆ ಹಂಚಿಹೋಗದ ಆಸ್ತಿ, ಮಾಂಸ ರೇಷ್ಮೆ ಅಂತ ಖರ್ಚು ಮಾಡದ ಮನೆ. ಬಂದ ಹಣ ಮತ್ತೆ ಜಮೀನಿಗೆ, ಕುರಿಗೆ, ಕಲ್ಲಿಗೆ. ಪ್ರತಿಯೊಬ್ಬ ಸನ್ಯಾಸಿಯೂ ಬಡವ, ಮಠ ಮಾತ್ರ ಸಾಹುಕಾರ.

ಇದರ ಬೆಲೆ ಕೊಟ್ಟವರು ಹೊರಗೂ ಇದ್ದರು. ಏಕಾಂತ ಬೇಕು ಅಂತ ಬಂದವರಿಗೆ ಎಲ್ಲ ಕಡೆ ಖಾಲಿ ಜಾಗ ಸಿಗಲಿಲ್ಲ. ಕೇಟನ್, ಹರ್ಲ್ಸ್‌ಹೋ ಅನ್ನೋ ಹಳ್ಳಿಗಳು ಮಠದ ಕೈಗೆ ಬಂದ ಮೇಲೆ ಹಳ್ಳಿಯಾಗಿ ಉಳಿಯಲಿಲ್ಲ, ಗ್ರೇಂಜ್ ಆದವು. 12ನೇ ಶತಮಾನದಲ್ಲೇ ವಾಲ್ಟರ್ ಮ್ಯಾಪ್ ಅನ್ನೋ ಬರಹಗಾರ ಈ ಪಂಥವನ್ನ ಗೇಲಿ ಮಾಡಿದ್ದು ಇದಕ್ಕೇ: ಏಕಾಂತ ಸಿಗದಿದ್ದರೆ ಜನರನ್ನ ಎಬ್ಬಿಸಿ ಏಕಾಂತ ಮಾಡ್ಕೋತಾರೆ ಅನ್ನೋ ಅರ್ಥದಲ್ಲಿ. ಆ ಹಳ್ಳಿಗಳಿಂದ ಎದ್ದು ಹೋದವರ ನೆನಪುಗಳನ್ನ ಬರೆದಿಡೋಕೆ ಯಾವ ಹ್ಯೂ ಕೂಡ ಇರಲಿಲ್ಲ.

ಮಠಕ್ಕೂ ಪೆಟ್ಟು ತಪ್ಪಲಿಲ್ಲ. ಇಟಲಿಯ ವ್ಯಾಪಾರಿಗಳು ಮುಂಗಡ ಕೊಡ್ತಿದ್ದರು, ಇವರು ಮುಂದಿನ ಹಲವು ವರ್ಷದ ಉಣ್ಣೆಯನ್ನ ಇವತ್ತೇ ಮಾರ್ತಿದ್ದರು. ಆ ಹಣ ಕಟ್ಟಡಕ್ಕೆ ಹೋಗ್ತಿತ್ತು. ಅಷ್ಟರಲ್ಲಿ ಕುರಿಗಳಿಗೆ ಕಜ್ಜಿ ರೋಗ ಹರಡಿತು. ಒಪ್ಪಿಕೊಂಡ ಉಣ್ಣೆ ಕೊಡೋಕಾಗಲಿಲ್ಲ. 1291ರ ಹೊತ್ತಿಗೆ ಸಾಲ 6,000 ಪೌಂಡ್ ಮೀರಿತ್ತು. ಆಮೇಲೆ ಸ್ಕಾಟ್ ದಾಳಿಗಳು, 1349ರಲ್ಲಿ ಪ್ಲೇಗ್. ದುಡಿಯೋ ಕೈ ಕಮ್ಮಿ ಆದಾಗ ಬದುಕಿದವರಿಗೆ ಹೊರಗೇ ಒಳ್ಳೆ ಕೂಲಿ ಸಿಗೋಕೆ ಶುರುವಾಯ್ತು. ಲೇ ಬ್ರದರ್ ಆಗೋಕೆ ಯಾರು ಬರ್ತಾರೆ? ಗ್ರೇಂಜ್‌ಗಳನ್ನ ಗೇಣಿಗೆ ಕೊಟ್ಟರು. ಯಾವುದನ್ನ ತಿನ್ನಬಾರದು ಅಂತ ಶುರು ಮಾಡಿದ್ರೋ, ಅದನ್ನೇ ತಿಂದರು.

7/7

ಕೊನೇ ಫೋಟೋದ ಗೋಪುರ ನೋಡಿ. ಸುಮಾರು 50 ಮೀಟರ್ ಎತ್ತರ. ಕಲ್ಲಿನ ಗಂಟೆ ಗೋಪುರ ಕಟ್ಟಬಾರದು ಅಂತ 12ನೇ ಶತಮಾನದಲ್ಲೇ ಪಂಥದ ನಿಯಮ ಇತ್ತು. 1495ರಿಂದ 1526ರವರೆಗೆ ಅಬಾಟ್ ಆಗಿದ್ದ ಮಾರ್ಮಡ್ಯೂಕ್ ಹ್ಯೂಬಿ ಕಟ್ಟಿಸಿದ. ಅದರ ಮೇಲಿನ ಲ್ಯಾಟಿನ್ ಬರಹ ಮಹಿಮೆಯೆಲ್ಲ ದೇವರೊಬ್ಬನಿಗೇ ಅನ್ನುತ್ತೆ. ಅದೇ ಗೋಪುರದ ಮೇಲೆ ಹ್ಯೂಬಿಯ ಲಾಂಛನವೂ ಇದೆ. ನಗು ಬರುತ್ತೆ ನಿಜ, ಆದರೆ ಕುಸಿದಿದ್ದ ಮಠವನ್ನ ಮತ್ತೆ ನಿಲ್ಲಿಸಿದ ಒಳ್ಳೆ ಆಡಳಿತಗಾರ ಅವನು.

ಅವನಿಗಿಂತ ಸ್ವಲ್ಪ ಮುಂಚೆ, ಚರ್ಚಿನ ಪೂರ್ವ ತುದಿಯಲ್ಲಿ ಒಂಬತ್ತು ಬಲಿಪೀಠಗಳಿಗೆ ಅಂತ 13ನೇ ಶತಮಾನದಲ್ಲಿ ಕಟ್ಟಿದ್ದ ಭಾಗದಲ್ಲಿ ಬಿರುಕು ಬಿಟ್ಟಿತ್ತು. ರಿಪೇರಿ ಮಾಡಿ, ಒಂದು ಕಿಟಕಿಯ ಕಮಾನಿನ ಮೇಲೆ ಬಾಯಿಂದ ಎಲೆಬಳ್ಳಿ ಹೊರಡೋ ಮುಖವೊಂದನ್ನ ಕೆತ್ತಿಟ್ಟರು. ಕೆತ್ತನೆ ಬೇಡ ಅಂದಿದ್ದ ಬರ್ನಾರ್ಡ್ ನೋಡಿದ್ದರೆ ಏನಂತಿದ್ದನೋ.

ಮುಗಿದಿದ್ದು 1539ರ ನವೆಂಬರ್ 26ಕ್ಕೆ. ಎಂಟನೇ ಹೆನ್ರಿ ರೋಮ್ ಜೊತೆ ಸಂಬಂಧ ಕಡಿದು ಮಠಗಳ ಆಸ್ತಿಗೆ ಕೈ ಹಾಕಿದ್ದ. ನಾಲ್ಕು ವರ್ಷ ಮುಂಚೆ ಅವನ ಅಧಿಕಾರಿಗಳು ಲೆಕ್ಕ ಹಾಕಿದಾಗ ಫೌಂಟನ್ಸ್‌ನ ಆದಾಯ ವರ್ಷಕ್ಕೆ 1,100 ಪೌಂಡ್‌ಗೂ ಮೇಲೆ. ಹಿಂದಿನ ಅಬಾಟ್ ವಿಲಿಯಂ ಥರ್ಸ್ಕ್ ಉತ್ತರದ ದಂಗೆಯ ಹೆಸರಲ್ಲಿ 1537ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ. ಕೊನೆಯ ಅಬಾಟ್ ಜಗಳ ಮಾಡದೆ ಸಹಿ ಹಾಕಿ ಪಿಂಚಣಿ ತಗೊಂಡ. ಚಾವಣಿಯ ಸೀಸ ಕಿತ್ತು ಕರಗಿಸಿದರು. ಅಷ್ಟಾದ ಮೇಲೆ ಮಳೆಯೇ ಉಳಿದ ಕೆಲಸ ಮಾಡಿತು. 1597ರಲ್ಲಿ ಜಾಗ ಕೊಂಡ ಸ್ಟೀಫನ್ ಪ್ರಾಕ್ಟರ್, ಮಠದ ಕಲ್ಲನ್ನೇ ಬಳಸಿ ಪಕ್ಕದಲ್ಲೇ ಬಂಗಲೆ ಕಟ್ಟಿಕೊಂಡ. ಅದು ಈಗಲೂ ಇದೆ. 1767ರಲ್ಲಿ ವಿಲಿಯಂ ಏಸ್ಲಾಬಿ ಈ ಪಾಳನ್ನ ಕೊಂಡು, ತನ್ನಪ್ಪ ಮಾಡಿಸಿದ್ದ ಕೊಳ ತೋಟಗಳ ತುದಿಗೆ ಸುಂದರ ನೋಟವಾಗಿ ಸೇರಿಸಿಕೊಂಡ. 1986ರಲ್ಲಿ ಯುನೆಸ್ಕೋ ಪಟ್ಟಿ.

ಆ ತೋಟದ ಹುಲ್ಲುಹಾಸಿನಿಂದಾಗಿ ನಾವೆಲ್ಲ ಈ ಜಾಗವನ್ನ ಶಾಂತ, ಸುಂದರ, ನಿಶ್ಶಬ್ದ ಅಂದ್ಕೊಂಡಿದ್ದೀವಿ. ಆದರೆ 2020ರಲ್ಲಿ ಒಂದು ಸುದ್ದಿ ಬಂತು. ನೆಲ ಅಗೆಯದೆ, ಯಂತ್ರಗಳಿಂದ ಮಣ್ಣಿನಡಿ ಹುಡುಕಿದಾಗ ನದಿ ಪಕ್ಕದಲ್ಲಿ ದೊಡ್ಡದೊಂದು ಚರ್ಮ ಹದ ಮಾಡೋ ಕಾರ್ಖಾನೆಯ ಗುರುತು ಸಿಕ್ಕಿತು: ದೊಡ್ಡ ಕಟ್ಟಡದ ಪಾಯ, ತೊಟ್ಟಿಗಳು, ಗುಂಡಿಗಳು. ಚರ್ಮ ಹದ ಮಾಡೋದು ಅಂದ್ರೆ ಸುಣ್ಣ, ಮರದ ತೊಗಟೆ, ಮೂತ್ರ, ಹಸಿ ತೊಗಲು. ಪ್ರಾರ್ಥನೆ ನಡೀತಿದ್ದ ಚರ್ಚಿಗೆ ಆ ವಾಸನೆ ಬರದೇ ಇರೋಷ್ಟು ದೂರವೇನೂ ಅಲ್ಲ.

ಅಬಾಟ್‌ಗಳನ್ನ ಹೂಳಿದ್ದು ಸಭಾಮನೆಯ ನೆಲದಲ್ಲಿ. ಅಲ್ಲಿನ ಸಮಾಧಿ ಕಲ್ಲುಗಳನ್ನ ಈಗಲೂ ನೋಡಬಹುದು. ಆ ಹದಿಮೂರರಲ್ಲಿ ಕೆಲವರ ಹೆಸರು, ಎಲ್ಲ ಅಬಾಟ್‌ಗಳ ಹೆಸರು ಪುಸ್ತಕಗಳಲ್ಲಿವೆ. ಲೇ ಬ್ರದರ್ಸ್ ಊಟ ಮಾಡ್ತಿದ್ದ ಉಗ್ರಾಣದ ಕಮಾನುಗಳಲ್ಲಿ ಈಗ ಬಾವಲಿಗಳು ಸಂಸಾರ ಮಾಡ್ತಿವೆ.

ಮುಂದಿನ ವಾರ ರೀವೋ. ಉಗ್ರಾಣ ಅಂತ ಸ್ಟೋರಿಯಲ್ಲಿ ಸರಿಯಾಗಿ ಹೇಳಿದ್ದ ಒಬ್ಬರೇ ಒಬ್ಬರು ಇದ್ದೀರಲ್ಲ, ಅದು ಹೇಗೆ ಗೊತ್ತಾಯ್ತು ಅಂತ ಕಾಮೆಂಟಲ್ಲಿ ಬರೀರಿ.

#ಇತಿಹಾಸ #ಕನ್ನಡದಲ್ಲಿಇತಿಹಾಸ #ಫೌಂಟನ್ಸ್‌ಅಬ್ಬೆ